ರಾಣಿ ಬೀಗದ ಕೈ ಕೊಟ್ಟದ್ದು

ಬೆಳಿಗ್ಗೆ ಟಾರ್ಚ್ ಹುಡುಕಲೆಂದು ಕಪಾಟಿನ ಮೇಲಿನ ಖಾನೆಯ ಬಾಗಿಲು ತೆರೆದೆ. ಟಾರ್ಚ್ ಸಿಗಲಿಲ್ಲ, ಶಾಲುಗಳು ಸಿಕ್ಕಿದವು. ಸಿಕ್ಕಿದವು ಎನ್ನುವುದಕ್ಕಿಂತ ತಲೆಯ ಮೇಲೆ ಬಿದ್ದವು ಎನ್ನುವುದು ಸರಿ. ನುಸಿಗುಳಿಗೆಯ ಘಾಟು ಮೂಗಿಗೆ ಅಡರಿತು. ಸೀನುತ್ತ ಸೀನುತ್ತ ಅವನ್ನು ಮಡಚಿ ಮತ್ತೆ ಮೇಲಿಡುವಾಗ ಹಳೆಯ ಸಿಟ್ಟೆಲ್ಲ ಒಂದೊಂದಾಗಿ ನೆನಪಾಯಿತು. ನನ್ನದೇನೂ ದೊಡ್ಡ ಸಿಟ್ಟಲ್ಲ, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂಥದ್ದು. ಆದರೆ ಅದು ನಾಲಿಗೆಯನ್ನು ಸುಮ್ಮನಿರಲು ಬಿಡುವುದಿಲ್ಲ. ನಿಮಗೆ ಪುರುಸೊತ್ತು ಇದ್ದರೆ ಕೇಳಿ.

ಶಾಲುಗಳು ನನ್ನವಲ್ಲ, ನನ್ನ ಹೆಂಡತಿ ಸಿಸಿಲಿಯಾಳವು. ಕಾಪುವಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಆಗಲೂ ಈಗಲೂ ನಾಟಕ ಬರೆಯುವವಳು. ನಾನು ಮಣಿಪಾಲದ ಒಂದು ವಿಮಾ ಕಚೇರಿಯಲ್ಲಿ ಇದ್ದವನು. ಕಲ್ಯಾಣಪುರದ ನಮ್ಮ ಮನೆಗೆ ಬರುವ ಸಾಹಿತ್ಯಾಭಿಮಾನಿಗಳು ಚಾ ಕುಡಿದು ಮುಗಿದ ಮೇಲೆ, ನಾನೂ ಅದೇ ಕೋಣೆಯಲ್ಲಿ ಕೂತಿರುವುದು ಗಮನಕ್ಕೆ ಬಂದು, “ನಿಮಗೂ ಬರೆಯುವ ಅಭ್ಯಾಸ ಉಂಟಾ?” ಎಂದು ಕೇಳುತ್ತಾರೆ. “ಉಂಟು, ಚೆಕ್ಕಿಗೆ ಸಹಿ ಹಾಕುತ್ತೇನೆ” ಎಂದು ಒಮ್ಮೆ ಹೇಳಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ. ಅವಳ ನಾಟಕಗಳಲ್ಲಿ ನನ್ನ ಪಾತ್ರವೆಂದರೆ ಕಾರು ಓಡಿಸುವುದು, ಆಮೇಲೆ ಸಭೆಯ ನಡುವಿನ ಸಾಲಿನಲ್ಲಿ ಯಾರೋ ಪರಕೀಯನಂತೆ ಕೂತು ಜನ ಏನು ಹೇಳುತ್ತಾರೆಂದು ಕೇಳಿಸಿಕೊಳ್ಳುವುದು. ಈ ಕೇಳಿಸಿಕೊಳ್ಳುವ ಕೆಲಸವೇ ನನ್ನ ಆರೋಗ್ಯ ಕೆಡಿಸಿದ್ದು.

ನಮ್ಮ ಕಡೆ ನಾಟಕಕ್ಕೆ ಜನ ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಡೀ ರಾತ್ರಿ ಯಕ್ಷಗಾನ ನೋಡಿ ಪಳಗಿದ ಜನ, ಕೂತರೆಂದರೆ ಏಳುವುದಿಲ್ಲ. ಆದರೆ ನೋಡಿದ ಮೇಲೆ ಬಾಯಿ ಬಿಟ್ಟರೆ “ಲಾಯ್ಕಾಯ್ತು ಟೀಚರ್” ಎನ್ನುವುದೊಂದೇ. ಮರುದಿನದ ಪೇಪರಿನಲ್ಲಿ ಬರುವುದು ದೀಪ ಬೆಳಗಿಸಿದವರ ಹೆಸರು, ಅಧ್ಯಕ್ಷತೆ ವಹಿಸಿದವರ ಹೆಸರು, ವಂದಿಸಿದವರ ಹೆಸರು, ಕೊನೆಯಲ್ಲಿ ಜಾಗ ಉಳಿದರೆ “ಬಳಿಕ ನಾಟಕ ಪ್ರದರ್ಶನಗೊಂಡಿತು.” ಆ ‘ಬಳಿಕ’ ಎಂಬ ಪದವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಅವಳು ಎರಡು ವರ್ಷ ತಿದ್ದಿ ತಿದ್ದಿ ಬರೆದದ್ದು ಆ ಬಳಿಕದ ಬಳಿಕ ಇದೆ, ಸ್ವಾಮಿ! ಶಾಲು ಬರುವುದು ಮಾತ್ರ ಬಳಿಕವಲ್ಲ, ನಾಟಕಕ್ಕೆ ಮೊದಲೇ. ಪರದೆ ಏಳುವ ಮುಂಚೆ ಹೊದೆಸಿಬಿಟ್ಟರೆ ಆಮೇಲೆ ಯಾರೂ ಏನೂ ಹೇಳಬೇಕಾಗಿಲ್ಲ ನೋಡಿ.

ಅವಳ ಮೊದಲಿನ ನಾಟಕಗಳಲ್ಲಿ ಒಂದು ‘ಮಗಳು ಓದಿದಳು’. ಕಣ್ಣು ಕಾಣದ ಮುದುಕ ಕವಿಯೊಬ್ಬ ತನ್ನ ಮಹಾಕಾವ್ಯವನ್ನು ಕೊನೆಯ ಸಲ ಕೇಳಬೇಕೆಂದು ಮಗಳಿಂದ ಓದಿಸುತ್ತಾನೆ. ಮಗಳು ಓದುತ್ತ ಓದುತ್ತ ಆಕಳಿಸುತ್ತಾಳೆ. ಅವಳ ಆಕಳಿಕೆ ಕುರುಡನಿಗೆ ಕೇಳಿಸಿಬಿಡುತ್ತದೆ. ಅಷ್ಟೇ ಕಥೆ. ಕಾರ್ಕಳದಲ್ಲಿ ಅದು ನಡೆದಾಗ ಹಿರಿಯರೊಬ್ಬರು ಎದ್ದು ನಿಂತು, “ಮಹಾಕವಿಯ ಕಾವ್ಯಕ್ಕೆ ಆಕಳಿಸುವುದು ಕನ್ನಡಕ್ಕೆ ಮಾಡಿದ ಅಪಚಾರ” ಎಂದರು. ಯಾವ ಮಹಾಕವಿ ಎಂದು ನಾಟಕದಲ್ಲಿ ಎಲ್ಲಿಯೂ ಇಲ್ಲ. ಅವರನ್ನು ಕೇಳಿದರೆ ಅವರಿಗೂ ಗೊತ್ತಿಲ್ಲ. ಪೇಪರಿನಲ್ಲಿ ಬರೆದವರೊಬ್ಬರು, ಪುಣ್ಯಾತ್ಮರು, ನಾಟಕದ ಬಗ್ಗೆಯೇ ಬರೆದರು ಎಂದು ಖುಷಿಯಿಂದ ಓದಹೊರಟರೆ ಮೊದಲ ವಾಕ್ಯವೇ “ಮಾತೃಭಾಷೆ ಕೊಂಕಣಿಯಾದರೂ” ಎಂದು ಶುರುವಾಗಿತ್ತು. ಉಡುಪಿಯಲ್ಲಿ ಕನ್ನಡ ಯಾರ ಮಾತೃಭಾಷೆ, ಹೇಳಿ ನೋಡುವ? ಬರೆದವರ ಮನೆಯಲ್ಲಿ ತುಳು, ಅಚ್ಚು ಹಾಕಿದವರ ಮನೆಯಲ್ಲಿ ಬ್ಯಾರಿ. ಎಲ್ಲರೂ ಶಾಲೆಯಲ್ಲಿ ಕಲಿತ ಕನ್ನಡವನ್ನೇ ಇಸ್ತ್ರಿ ಮಾಡಿದ ಅಂಗಿಯಂತೆ ತೊಟ್ಟುಕೊಂಡು ಹೊರಗೆ ಹೊರಡುವವರು. ಆದರೂ ‘ಆದರೂ’ ಮಾತ್ರ ನನ್ನ ಹೆಂಡತಿಗೆ.

ಸಿಸಿಲಿಯಾ ಅದನ್ನು ಓದಿ ನಕ್ಕಳು. “ನನಗಿಂತ ನಿಮಗೇ ಹೆಚ್ಚು ತಾಗುವುದು ಯಾಕೆ ಮಾರಾಯ್ರೆ?” ಎಂದಳು. ಯಾಕೆಂದು ನನಗೆ ಗೊತ್ತಿದ್ದರೆ ನಾನೂ ಎರಡು ನಾಟಕ ಬರೆಯುತ್ತಿದ್ದೆ.

ಆಮೇಲೆ ಬಂದದ್ದು ‘ಬೀಗದ ಕೈ’. ನಾನು ಹೇಳಹೊರಟದ್ದು ಇದರ ಕಥೆಯನ್ನೇ. ಶಾಲುಗಳು ದಾರಿ ತಪ್ಪಿಸಿದವು. ಇದು ಚಾರಿತ್ರಿಕ ನಾಟಕ. ಕರಾವಳಿಯ ಒಂದು ಪುಟ್ಟ ಸೀಮೆ, ಅದಕ್ಕೊಂದು ಕೋಟೆ, ಕೋಟೆಗೊಬ್ಬಳು ರಾಣಿ. ಹಡಗುಗಳಲ್ಲಿ ಬಂದ ಶತ್ರು ಕೋಟೆಯನ್ನು ಮುತ್ತಿದ್ದಾನೆ. ಒಳಗೆ ಸೈನಿಕರಿಗೆ ಸಾಕಾಗುವಷ್ಟು ಅಕ್ಕಿ ಇದೆ. ರಾಣಿ ಬೇಕಾದರೆ ತಿಂಗಳುಗಟ್ಟಲೆ ಕಾದಾಡಬಹುದು. ಆದರೆ ಕೋಟೆಯ ಹೊರಗೆ ಉಪ್ಪು ಬೇಯಿಸುವವರ, ಮೀನು ಹಿಡಿಯುವವರ ಕೇರಿಗಳಿವೆ. ಪ್ರತಿ ದಿನ ಅವುಗಳಲ್ಲಿ ಒಂದೊಂದನ್ನು ಶತ್ರು ಸುಡುತ್ತಾನೆ. ದಳವಾಯಿ ಬೇಡ ಬೇಡ ಎಂದು ಕೂಗಾಡುತ್ತಿರುವಾಗಲೇ ರಾಣಿ ತಾನಾಗಿ ಹೊರಗೆ ನಡೆದು ಬಂದು, ಶತ್ರು ನಾಯಕನ ಅಂಗೈಯಲ್ಲಿ ಬೀಗದ ಕೈ ಇಡುತ್ತಾಳೆ. ಇಟ್ಟು, “ಬೀಗ ಸ್ವಲ್ಪ ಬಿಗಿಯಾಗಿದೆ, ಎಣ್ಣೆ ಹಾಕಿಸಿಕೊಳ್ಳಿ” ಎನ್ನುತ್ತಾಳೆ. ನಾಟಕ ಮುಗಿಯುತ್ತದೆ.

ಪುಸ್ತಕವಾಗಿ ಬಂದಾಗ ಒಬ್ಬರು ಇದು ಹೇಡಿತನದ ವೈಭವೀಕರಣ ಎಂದರು. ಇನ್ನೊಬ್ಬರು ರಾಜಪ್ರಭುತ್ವದ ವೈಭವೀಕರಣ ಎಂದರು. ವೈಭವ ಎಲ್ಲಿದೆಯೆಂದು ನಾನು ಪುಸ್ತಕವನ್ನು ಮತ್ತೆ ಓದಿದೆ. ರಾಣಿಗೆ ಉಡಲು ಎರಡನೇ ಸೀರೆ ಕೂಡ ಇಲ್ಲ. ಮುತ್ತಿದವರು ಯಾರು ಎಂಬುದಕ್ಕೆ ದೊಡ್ಡ ತನಿಖೆಯೇ ನಡೆಯಿತು. ನಾಟಕದಲ್ಲಿ ಅವರಿಗೆ ಹೆಸರಿಲ್ಲ, ಧರ್ಮವಿಲ್ಲ. ಆದರೆ ಬರೆದವಳ ಹೆಸರು ಸಿಸಿಲಿಯಾ ಎಂಬ ಒಂದೇ ಕಾರಣಕ್ಕೆ ಒಬ್ಬರು “ಲೇಖಕಿ ತನ್ನವರಿಗೆ ಕೋಟೆ ಬಿಟ್ಟುಕೊಟ್ಟಿದ್ದಾರೆ” ಎಂದು ಬರೆದರು. ಅದೇ ವಾರ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಅಂಗಳದಲ್ಲಿ ನಮ್ಮ ಪರಿಚಯದ ಹೆಂಗಸೊಬ್ಬರು ಅವಳನ್ನು ನಿಲ್ಲಿಸಿ, “ನಮ್ಮವರನ್ನೇ ಊರು ಸುಡುವವರನ್ನಾಗಿ ಮಾಡಿದೆಯಲ್ಲ ಸಿಸಿಲಿ” ಎಂದು ಕಣ್ಣೀರು ಹಾಕಿದರು. ಇಬ್ಬರೂ ಪುಸ್ತಕ ಓದಿರಲಿಲ್ಲ. ಅವರನ್ನು ಒಂದೇ ಬೆಂಚಿನ ಮೇಲೆ ಕೂರಿಸಿ ನಾನು ಎದುರಿಗೆ ನಿಂತು ಇಡೀ ನಾಟಕವನ್ನು ಗಟ್ಟಿಯಾಗಿ ಓದಬೇಕೆಂಬ ಆಸೆ ನನಗೆ ಬಹಳ ದಿನ ಇತ್ತು.

ನಾಟಕವನ್ನು ಆಡಲು ತೆಗೆದುಕೊಂಡವನು ಕಾರ್ಕಳದ ಸುಧಾಕರ. ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡು ಸಂಜೆ ಹೊತ್ತು ನಾಟಕ ಕಟ್ಟುವವನು. ಒಳ್ಳೆಯ ಹುರುಪಿನ ಮನುಷ್ಯ. ಸಿಸಿಲಿಯಾಳ ಮೇಲೆ ನಿಜವಾದ ಗೌರವ. ಉಡುಪಿಯ ಒಂದು ನಾಟಕ ಸ್ಪರ್ಧೆಗೆ ಅದನ್ನು ತಂದ. ನಾವು ಅಲಂಕರಿಸಿಕೊಂಡು ಹೋಗಿ ಕೂತೆವು. ರಾಣಿಯಾಗಿದ್ದ ಪ್ರಫುಲ್ಲ ಎಂಬ ಹುಡುಗಿ ಎಷ್ಟು ಚಂದ ಮಾಡಿದಳೆಂದರೆ ನನ್ನ ಪಕ್ಕದವರು ಕರವಸ್ತ್ರ ತೆಗೆದರು. ಕೊನೆಯ ದೃಶ್ಯ ಬಂತು. ರಂಗದ ಮೇಲೆ ನೀಲಿ ಬೆಳಕು ಹರಡಿತು. ಶಂಖ ಊದಿದರು. ರಾಣಿ ಶತ್ರುವಿನ ಕಡೆ ನೋಡಲೂ ಇಲ್ಲ. ಬಂಡೆಯ ಮೇಲೆ ಹತ್ತಿ, ಸೀಮೆಯ ಹೆಸರು ಹಿಡಿದು ಕೂಗಿ, ಬೀಗದ ಕೈಯನ್ನು ಸಮುದ್ರಕ್ಕೆ ಎಸೆದುಬಿಟ್ಟಳು. ಸಭೆ ಎದ್ದು ನಿಂತಿತು. ಚಪ್ಪಾಳೆಗೆ ಮಾಡಿನ ಹೆಂಚು ಹಾರಿಹೋಗುವಂತಿತ್ತು.

ನನ್ನ ಹೆಂಡತಿ ಮಾತ್ರ ಕೂತೇ ಇದ್ದಳು. ತೊಡೆಯ ಮೇಲೆ ಎರಡು ಕೈಗಳನ್ನು ಮಗುಚಿ ಇಟ್ಟುಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕಿಯಾಗಿ ಕೂತಂತೆ.

ನಾಟಕಕ್ಕೆ ಮೊದಲ ಬಹುಮಾನ ಬಂತು. ಸುಧಾಕರ ಓಡಿ ಬಂದು ಅವಳ ಕಾಲು ಮುಟ್ಟಿದ. “ಟೀಚರ್, ನಿಮ್ಮನ್ನು ಕೇಳದೆ ಸ್ವಲ್ಪ ಬದಲು ಮಾಡಿದೆ. ಸಿಟ್ಟು ಮಾಡಬೇಡಿ ಆಯ್ತಾ? ಎಣ್ಣೆ ಹಾಕಿಸಿಕೊಳ್ಳಿ ಅಂತ ರಾಣಿ ಹೇಳಿದರೆ ಜನ ನಗಾಡ್ತಾರೆ. ಸೋತ ರಾಣಿ ಯಾರಿಗೂ ಬೇಡ ಟೀಚರ್.”

“ಜನರಿಗೆ ಬೇಡ ಅಂತ ನಿನಗೆ ಹೇಗೆ ಗೊತ್ತು ಮಾರಾಯ? ನೀನು ತೋರಿಸಿಯೇ ಇಲ್ಲವಲ್ಲ” ಎಂದಳು. ಅವನು ತಲೆ ಕೆರೆದುಕೊಂಡು ನಕ್ಕ. ಫೋಟೋ ತೆಗೆಯುವವರು ಕರೆದರು, ಹೋದ.

ಕಾರಿನಲ್ಲಿ ನಾನು ಸುಧಾಕರನಿಗೆ ನೋಟಿಸು ಕೊಡುವ ಬಗ್ಗೆ, ಪೇಪರಿಗೆ ಬರೆಯುವ ಬಗ್ಗೆ ಒಬ್ಬನೇ ಮಾತಾಡುತ್ತಾ ಬಂದೆ. ಸಂತೆಕಟ್ಟೆ ದಾಟಿದ ಮೇಲೆ ಅವಳು, “ಚಪ್ಪಾಳೆ ಜೋರಿತ್ತು ಅಲ್ವಾ?” ಎಂದಳು. ಅಷ್ಟೇ.

ಕೆಲವು ತಿಂಗಳ ಮೇಲೆ ಮಣಿಪಾಲದಲ್ಲಿ ಒಂದು ವಿಚಾರಗೋಷ್ಠಿ ಆಯಿತು. ಸಮಕಾಲೀನ ಚಾರಿತ್ರಿಕ ನಾಟಕಗಳ ಬಗ್ಗೆ ಇಡೀ ದಿನದ ಮಾತು. ಲೇಖಕಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ನನಗೆ ಅದರ ಹಿಂದಿನದು. ‘ಬೀಗದ ಕೈ’ ಬಗ್ಗೆ ಪ್ರಬಂಧ ಮಂಡಿಸಿದವರು ಒಬ್ಬ ಪ್ರೊಫೆಸರರು. ಹೆಸರು ಬೇಡ, ಅವರು ಈಗ ನಮ್ಮ ಮನೆಗೆ ಬಂದು ಹೋಗುವ ಸ್ನೇಹಿತರು. ಆದರೆ ಅಂದು ಅವರ ಮೇಲೆ ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಗಂಭೀರವಾದ ಧ್ವನಿ, ತೂಕದ ಮಾತು. ನಾಟಕದ ಶಿಖರವೆಂದರೆ ರಾಣಿ ಬೀಗದ ಕೈಯನ್ನು ಸಮುದ್ರಕ್ಕೆ ಎಸೆಯುವ ಕ್ಷಣ ಎಂದರು. ಸಮುದ್ರ ಇಲ್ಲಿ ತಾಯಿ ಎಂದರು, ಕಾಲ ಎಂದರು, ಬೀಗದ ಕೈ ಇತಿಹಾಸದ ನಾಲಿಗೆ ಎಂದರು. ಲೇಖಕಿಯ ಪ್ರತಿಭೆಯ ಸಾರವೆಲ್ಲ ಆ ಒಂದು ಎಸೆತದಲ್ಲಿದೆ ಎಂದು ಮುಗಿಸಿದರು.

ಸಿಸಿಲಿಯಾ ತಲೆ ತಗ್ಗಿಸಿ ಚಾ ಕುಡಿಯುತ್ತಿದ್ದಳು. ನಾನು ಎದ್ದು ನಿಂತೆ. ನಿಲ್ಲಬೇಕೆಂದು ನಿಂತದ್ದಲ್ಲ, ಕಾಲುಗಳೇ ಎದ್ದವು.

“ಸಾರ್, ಪುಸ್ತಕದಲ್ಲಿ ಅವಳು ಎಸೆಯುವುದಿಲ್ಲ. ಕೊಡುತ್ತಾಳೆ.”

ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡರು. “ಪುಸ್ತಕ ಬೇರೆ, ರಂಗಪಠ್ಯ ಬೇರೆ. ನಾನು ನೋಡಿದ್ದು ಪ್ರಯೋಗವನ್ನು. ಕೃತಿ ಒಮ್ಮೆ ಹೊರಗೆ ಬಂದ ಮೇಲೆ, ತಾತ್ವಿಕವಾಗಿ ಹೇಳುವುದಾದರೆ, ಲೇಖಕಿ ಸತ್ತಂತೆ.”

“ಇಲ್ಲೇ ಕೂತು ಚಾ ಕುಡಿಯುತ್ತಿದ್ದಾಳೆ ಸಾರ್!”

ಸಭೆಯಲ್ಲಿ ನಗು ಎದ್ದಿತು. ಅವರೂ ನಕ್ಕರೋ, ನಗಬೇಕಾಯಿತೋ. ನಾನು ಯುದ್ಧ ಗೆದ್ದವನಂತೆ ಕೂತೆ. ಕೂತು ನೋಡಿದರೆ ಮುಂದಿನ ಕುರ್ಚಿ ಖಾಲಿ. ಅವಳು ಕೈಚೀಲ ಎತ್ತಿಕೊಂಡು ಹೊರಗೆ ಹೋಗಿದ್ದಳು.

ಮೆಟ್ಟಿಲ ಬುಡದಲ್ಲಿ ಅವಳನ್ನು ಹಿಡಿದೆ. ಸಿಟ್ಟಿನಿಂದ ಅವಳ ಕಿವಿ ಕೆಂಪಾಗಿತ್ತು. “ಯಾರು ಮಾತಾಡಲಿಕ್ಕೆ ಹೇಳಿದ್ದು ನಿಮಗೆ? ಇಷ್ಟು ದಿನ ನಾನು ಕೊಂಕಣಿಯವಳು, ಕ್ರಿಶ್ಚಿಯನ್, ಹೆಂಗಸು. ಇನ್ನು ಆ ಜಗಳಗಂಟನ ಹೆಂಡತಿ. ನಾಟಕ ಎಲ್ಲಿ ಹೋಯಿತು?”

“ಅವರು ಸುಳ್ಳು ಹೇಳಿದರಲ್ಲ!”

“ಅವರು ಕಂಡದ್ದನ್ನು ಹೇಳಿದರು. ಸುಳ್ಳು ಎಂತ ಉಂಟು ಅದರಲ್ಲಿ? ನಾನು ಬರೆದದ್ದನ್ನು ಯಾರೂ ಕಂಡೇ ಇಲ್ಲ. ಬೈದವರೂ ಕಂಡಿಲ್ಲ, ಹೊಗಳಿದವರೂ ಕಂಡಿಲ್ಲ. ನನಗೆ ಸಾಕಾಯಿತು.”

ಮರುದಿನ ಪೇಪರಿನಲ್ಲಿ ‘ವಿಚಾರಗೋಷ್ಠಿಯಲ್ಲಿ ಬಿಸಿ ಚರ್ಚೆ’ ಎಂದು ಬಂತು. ನನ್ನ ಮಾತು ಪೂರ್ತಿ ಬಂದಿತ್ತು. ನಾಟಕದ ಹೆಸರನ್ನು ‘ಬೀಗದ ಕೈಗಳು’ ಎಂದು ಹಾಕಿದ್ದರು.

ಸಾಕಾಯಿತು ಎಂದವಳು ನಿಜವಾಗಿಯೂ ನಿಲ್ಲಿಸಿದಳು. ಬರೆಯುವ ಮೇಜಿನ ಮೇಲೆ ಹೊಲಿಗೆ ಯಂತ್ರ ಬಂತು. ದಿಂಬಿನ ಚೀಲಗಳು, ಬಾಗಿಲ ಪರದೆಗಳು, ಅಕ್ಕಪಕ್ಕದವರ ಮಕ್ಕಳಿಗೆ ಫ್ರಾಕುಗಳು. ಅವಳು ಬರೆಯುತ್ತಿದ್ದಾಗ ಮನೆಯಲ್ಲಿ ಅಡುಗೆ ತಡವಾಗುತ್ತಿತ್ತು, ಉಪ್ಪು ಎರಡು ಸಲ ಬೀಳುತ್ತಿತ್ತು, ಕರೆದರೆ ಓಗೊಡುತ್ತಿರಲಿಲ್ಲ, ನಾನು ಗೊಣಗುತ್ತಿದ್ದೆ. ಈಗ ಊಟ ಗಂಟೆ ಹೊಡೆದಂತೆ ಸಿಗುತ್ತಿತ್ತು. ಕರೆಯುವ ಮೊದಲೇ “ಎಂತ?” ಎನ್ನುತ್ತಿದ್ದಳು. ಆ ಸರಿಯಾದ ಉಪ್ಪಿನ ಮೀನುಸಾರಿಗೆ ನಾನೇ ಇನ್ನೊಂದು ಚಿಟಿಕೆ ಉಪ್ಪು ಹಾಕಿಕೊಳ್ಳುತ್ತಿದ್ದೆ. ಒಂದು ಸಲ ಬರೆಯುವ ವಿಷಯ ಎತ್ತಿದೆ. ಯಂತ್ರದ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿದಳು.

ಆಮೇಲೆ ಒಂದು ದಿನ ಸುಧಾಕರನ ಫೋನು ಬಂತು. ಅವಳು ಮೊದಲು ಕಲಿಸುತ್ತಿದ್ದ ಕಾಪುವಿನ ಶಾಲೆಯವರೇ ‘ಬೀಗದ ಕೈ’ ಆಡಿಸುತ್ತಾರಂತೆ, ಒಪ್ಪಿಗೆ ಬೇಕಂತೆ. ನಾನು ಪರದೆಯ ಅಂಚು ಹಿಡಿದುಕೊಂಡು ಕೂತಿದ್ದೆ, ಅವಳು ಕತ್ತರಿ ಕೆಳಗಿಟ್ಟಳು.

“ಕೊಡುತ್ತೇನೆ ಸುಧಾಕರ. ಆದರೆ ರಾಣಿ ಕೀ ಕೊಡಬೇಕು. ಎಣ್ಣೆಯ ಮಾತೂ ಬೇಕು. ಇಲ್ಲದಿದ್ದರೆ ನಾಟಕ ಬೇಡ.” ಆ ಕಡೆಯಿಂದ ಅವನು ಬಹಳ ಹೊತ್ತು ಏನೋ ಹೇಳಿದ. “ಜನ ನಗಲಿ. ನಕ್ಕರೆ ನಗುವುದನ್ನು ನಾನು ಕೇಳುತ್ತೇನೆ” ಎಂದಳು.

ಅಷ್ಟಕ್ಕೇ ನಿಲ್ಲಲಿಲ್ಲ. ಫೋನು ಇಟ್ಟವಳು ಮತ್ತೊಂದು ಫೋನು ಮಾಡಿದಳು. ಯಾರಿಗೆಂದು ತಿಳಿದಾಗ ನನಗೆ ತಲೆ ತಿರುಗಿತು. ಅದೇ ಪ್ರೊಫೆಸರರಿಗೆ! “ಸಾರ್, ನೀವು ಸುಧಾಕರನ ನಾಟಕ ನೋಡಿದ್ದೀರಿ. ನನ್ನದನ್ನೂ ಒಮ್ಮೆ ನೋಡಬೇಕು” ಎಂದಳು. ಅವರು ಬರುತ್ತೇನೆ ಎಂದರಂತೆ. ನಾನು ಬರುವುದಿಲ್ಲ ಎಂದೆ. “ಬನ್ನಿ. ಆದರೆ ಬಾಯಿ ತೆರೆದರೆ ಬಸ್ಸಿನಲ್ಲಿ ವಾಪಸು ಬರಬೇಕಾಗುತ್ತದೆ” ಎಂದಳು.

ಕಾಪುವಿನ ಶಾಲೆಯ ಸಭಾಭವನದಲ್ಲಿ ಸಂಜೆಯ ಪ್ರದರ್ಶನ. ಕಡಲ ಗಾಳಿಗೆ ಹಿಂದಿನ ಪರದೆ ಉಬ್ಬಿ ಉಬ್ಬಿ ಕೋಟೆಯ ಗೋಡೆ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಅವಳ ಹಳೆಯ ವಿದ್ಯಾರ್ಥಿಗಳು, ಅವರ ಮಕ್ಕಳು, ಅಮ್ಮಂದಿರು. ಪ್ರೊಫೆಸರರು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು. ಕೊನೆಯ ದೃಶ್ಯದಲ್ಲಿ ನೀಲಿ ಬೆಳಕಿಲ್ಲ, ಶಂಖವಿಲ್ಲ. ಪ್ರಫುಲ್ಲ ನಡೆದು ಬಂದು ಆ ಕೀಯನ್ನು ಅಂಗೈಯಲ್ಲಿ ಇಟ್ಟಳು. ಎಣ್ಣೆಯ ಮಾತು ಹೇಳಿದಳು. ಯಾರೂ ನಗಲಿಲ್ಲ. ಯಾರೂ ಚಪ್ಪಾಳೆಯನ್ನೂ ತಟ್ಟಲಿಲ್ಲ. ಪರದೆ ಬಿದ್ದ ಮೇಲೂ ಜನ ಮುಗಿಯಿತೋ ಇಲ್ಲವೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೆಲ್ಲನೆ ಎದ್ದು ಚಪ್ಪಲಿ ಹುಡುಕತೊಡಗಿದರು. ಸುಧಾಕರ ರಂಗದ ಬದಿಯಿಂದ ನನ್ನನ್ನು ನೋಡಿದ ನೋಟದಲ್ಲಿ ‘ನಾನು ಹೇಳಲಿಲ್ಲವಾ?’ ಎಂಬುದು ಸ್ಪಷ್ಟವಾಗಿ ಇತ್ತು.

ಪ್ರೊಫೆಸರರು ನೇರ ನಮ್ಮ ಕಡೆಗೆ ಬಂದರು. ನಾನು ಹಲ್ಲು ಕಚ್ಚಿಕೊಂಡು ನಿಂತೆ.

“ನನಗೆ ಹಿಡಿಸಲಿಲ್ಲ” ಎಂದರು.

ನನ್ನ ಬಾಯಿ ತೆರೆಯಿತು. ಸಿಸಿಲಿಯಾ ನನ್ನ ಮಣಿಕಟ್ಟು ಹಿಡಿದಳು. “ಯಾಕೆ ಸಾರ್?”

“ನಿಮ್ಮ ರಾಣಿ ಮೊದಲ ದೃಶ್ಯದಿಂದಲೇ ಸರಿ. ದಳವಾಯಿಯನ್ನು ಬರೇ ಕೂಗಾಡುವವನನ್ನಾಗಿ ಮಾಡಿದ್ದೀರಿ. ಅವನಿಗೂ ಒಂದು ನ್ಯಾಯ ಉಂಟಲ್ಲ? ಅವನ ಕಡೆಯವರು ಸತ್ತಿದ್ದಾರೆ, ಆ ಬಾಗಿಲು ಕಾಯುತ್ತಲೇ ಸತ್ತಿದ್ದಾರೆ. ಅವನ ಮಾತು ಕೇಳಿ ನಮಗೂ ಕೀ ಕೊಡಬಾರದು ಅಂತ ಅನ್ನಿಸಬೇಕು. ಅನ್ನಿಸಿದ ಮೇಲೆ ಅವಳು ಕೊಟ್ಟರೆ ಆ ಕೊಟ್ಟದ್ದಕ್ಕೆ ತೂಕ ಬರುತ್ತದೆ. ಈಗ ಕೊಟ್ಟಳು, ಆಯಿತು. ಅದಕ್ಕೇ ಸುಧಾಕರನಿಗೆ ಸಮುದ್ರ ಬೇಕಾದದ್ದು. ಅವನು ತೂತು ಮುಚ್ಚಿದ್ದು.”

ನಾನು ಅವಳ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಅರಳಿತ್ತು! ಮದುವೆಯ ದಿನದ ಫೋಟೋದಲ್ಲಿಯೂ ಅವಳು ಹಾಗೆ ನಕ್ಕದ್ದಿಲ್ಲ.

“ಅವನ ಮಗ ಸತ್ತಿದ್ದಾನೆ ಅಂತ ಒಂದು ದೃಶ್ಯ ಬರೆದಿದ್ದೆ ಸಾರ್. ಉದ್ದವಾಯಿತು ಅಂತ ತೆಗೆದೆ.”

“ಯಾಕೆ ತೆಗೆದಿರಿ? ಅದೇ ಬೇಕಿತ್ತು.”

“ಆದರೆ ಎಣ್ಣೆಯ ಮಾತು?”

“ಅದು ಇರಲಿ. ಅದನ್ನು ಮುಟ್ಟಬೇಡಿ.”

ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಸುಧಾಕರನೂ ಮುಖದ ಬಣ್ಣ ಒರೆಸಿಕೊಳ್ಳುತ್ತಿದ್ದ ದಳವಾಯಿಯನ್ನು ಎಳೆದುಕೊಂಡು ಬಂದು ಸೇರಿದ. ಸಭಾಭವನ ಗುಡಿಸುವವರು ಸುತ್ತ ಗುಡಿಸಿ ಹೋದರು. ನಾನು ಅಂಗಳದಲ್ಲಿ ಕಾರಿಗೆ ಒರಗಿ ನಿಂತು, ಇಷ್ಟು ವರ್ಷ ಇವಳಿಗಾಗಿ ಊರೆಲ್ಲ ಜಗಳವಾಡಿದವನು ನಾನು, ಇವಳ ಮುಖ ಅರಳಿಸಿದವನು ನಾಟಕ ಹಿಡಿಸಲಿಲ್ಲ ಎಂದವನು, ಇದು ಯಾವ ನ್ಯಾಯ ಎಂದು ಯೋಚಿಸುತ್ತಿದ್ದೆ.

ಮನೆಗೆ ಬರುವಾಗ ಕೇಳಿಯೇಬಿಟ್ಟೆ. “ನಾನು ನಿನ್ನ ನಾಟಕ ಎಲ್ಲ ಚೆನ್ನಾಗಿದೆ ಎನ್ನಲಿಲ್ಲವಾ?”

“ಎಂದಿರಿ. ಎಲ್ಲದಕ್ಕೂ ಎಂದಿರಿ. ಮೊನ್ನೆ ಸೀದುಹೋದ ಉಪ್ಪಿಟ್ಟಿಗೂ ಅದೇ ಎಂದಿರಿ” ಎಂದಳು. ನೋಯಿಸಬೇಕೆಂದು ಹೇಳಿದ್ದಲ್ಲ. ಅವಳ ಮನಸ್ಸು ಆಗಲೇ ದಳವಾಯಿಯ ಮಗನ ಹತ್ತಿರ ಇತ್ತು. ಆದರೆ ನನಗೆ ಅಂಬಲಪಾಡಿಯ ತಿರುವಿನಲ್ಲಿ ಗೇರು ತಪ್ಪಿತು.

ಮರುದಿನ ಹೊಲಿಗೆ ಯಂತ್ರ ಮೂಲೆಗೆ ಹೋಯಿತು. ದಳವಾಯಿಯ ದೃಶ್ಯ ಸೇರಿದ ‘ಬೀಗದ ಕೈ’ಯನ್ನು ಸುಧಾಕರ ಕಾರ್ಕಳದಲ್ಲಿ ಆಡಿಸಿದ. ಕೊನೆಯಲ್ಲಿ ಚಪ್ಪಾಳೆ ಬಿತ್ತು, ತಡವಾಗಿ, ಅಲ್ಲೊಂದು ಇಲ್ಲೊಂದು. ಇಬ್ಬರು ಹೆಂಗಸರು ಹೊರಗೆ ಬರುತ್ತ, ರಾಣಿ ಮಾಡಿದ್ದು ಸರಿಯೋ ತಪ್ಪೋ ಎಂದು ತುಳುವಿನಲ್ಲಿ ಜಗಳವಾಡುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ. ಬಸ್ಸು ಬಂದರೂ ಅವರಿಗೆ ಗೊತ್ತಾಗಲಿಲ್ಲ. ಮರುದಿನದ ಪೇಪರು ಮಾತ್ರ ಧ್ವನಿ ಬೆಳಕು ಉತ್ತಮವಾಗಿತ್ತು ಎಂದಿತು. ನಾನು ಪೇಪರನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಅಲುಗಾಡುವ ಕಾಲಿನ ಕೆಳಗೆ ಇಟ್ಟೆ.

ಇವತ್ತು ಖಾನೆಯ ಬಾಗಿಲು ಹಾಕುತ್ತಿರುವಾಗ ಅವಳು ಒಳಗಿನಿಂದ ಕರೆದಳು. “ಎಂತ ಗಲಾಟೆ ಅಲ್ಲಿ? ಇಲ್ಲಿ ಬನ್ನಿ. ಇದೊಂದು ಓದಿ.”

ಹೊಸ ನಾಟಕದ ಹಾಳೆಗಳು. ಸ್ವರ್ಣಾ ನದಿಯ ದಡದ ಒಬ್ಬ ಅಕ್ಕಿ ವರ್ತಕನ ಕಥೆ. ಬರದ ವರ್ಷದಲ್ಲಿ ಹಡಗು ತುಂಬ ಅಕ್ಕಿಯನ್ನು ಎಲ್ಲಿಗೆ ಕಳಿಸಬೇಕೆಂದು ಅವನು ತನ್ನ ತಮ್ಮನ ಎದುರು ಮಾತಾಡುತ್ತಾನೆ. ನಾನು ನಿಂತಲ್ಲಿಯೇ ಓದಿದೆ. ಒಳ್ಳೆಯ ಕನ್ನಡ, ಒಳ್ಳೆಯ ಮಾತು. ಆದರೆ ಓದುತ್ತ ಓದುತ್ತ ಎಲ್ಲೋ ಒಂದು ಕಡೆ ನನ್ನ ಮನಸ್ಸು ಜಾರಿ ಕಿಟಕಿಯ ಹೊರಗಿನ ಬೆಕ್ಕಿನ ಮೇಲೆ ಹೋಗಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾಲಿಗೆಯ ತುದಿಯಲ್ಲಿ ಅಭ್ಯಾಸದ ಮಾತು ಸಿದ್ಧವಾಗಿ ನಿಂತಿತ್ತು. ಅದನ್ನು ನುಂಗಿದೆ. ಸುಲಭವಾಗಿರಲಿಲ್ಲ.

“ಇವನು ತುಂಬ ಮಾತಾಡುತ್ತಾನೆ” ಎಂದೆ. “ಮಧ್ಯದಲ್ಲಿ ಎಲ್ಲೋ ನನಗೆ ಅವನ ಮೇಲಿನ ನಂಬಿಕೆ ಹೋಯಿತು.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಬೈಗುಳಕ್ಕೆ ನಾನು ಸಿದ್ಧನಾದೆ.

“ಎಲ್ಲಿ?”

“ಗೊತ್ತಿಲ್ಲ.”

“ಗೊತ್ತಿಲ್ಲ ಎಂದರೆ ಆಗುವುದಿಲ್ಲ. ಕೂತುಕೊಳ್ಳಿ. ಪುನಃ ಓದಿ.”

ಕೂತು ಪುನಃ ಓದಿದೆ, ಈ ಸಲ ಗಟ್ಟಿಯಾಗಿ. ವರ್ತಕ ತಮ್ಮನಿಗೆ ದೇವರ ಹೆಸರು ಹೇಳಿ ಸಮಾಧಾನಪಡಿಸುವಲ್ಲಿಗೆ ಬರುವಷ್ಟರಲ್ಲಿ ಅವಳು ಪೆನ್ನು ಕೈಗೆತ್ತಿಕೊಂಡಿದ್ದಳು.

“ನಿಲ್ಲಿ” ಎಂದಳು. “ಇಲ್ಲಿಯೇ ಅಲ್ವಾ?”

ಹೌದು. ಅಲ್ಲಿಯೇ.